ಮನೆಮಂದಿಯ ಆರೋಗ್ಯ ಒಬ್ಬರ ಹೆಗಲ ಮೇಲೆ ನಿಲ್ಲುವುದಿಲ್ಲ

ಪ್ರಶ್ನೆ:

ನನಗೆ 39 ವರ್ಷ, ಮೈಸೂರಿನಲ್ಲಿ ವಾಸ, ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ಯಜಮಾನರಿಗೆ 44, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಹೋದ ತಿಂಗಳ ಚೆಕಪ್‌ನಲ್ಲಿ ಅವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1 ಬಂದಿದೆ, ಸೊಂಟದ ಸುತ್ತಳತೆ 98 ಸೆಂ.ಮೀ. ಮಗಳಿಗೆ 14, ಒಂಬತ್ತನೇ ಕ್ಲಾಸು. ಒಂದು ವರ್ಷದಿಂದ ತುಂಬಾ ದಪ್ಪಗಾಗಿದ್ದಾಳೆ, ಹೇಳಿದರೆ ಸಿಟ್ಟು. ಮಗನಿಗೆ 8, ತರಕಾರಿ ಮುಟ್ಟುವುದಿಲ್ಲ. ಅವನು ಹೊಟ್ಟೆಯಲ್ಲಿದ್ದಾಗ ನನಗೆ ಶುಗರ್ ಬಂದಿತ್ತು, ಹೆರಿಗೆಯಾದ ಮೇಲೆ ಹೋಯಿತು. ಅತ್ತೆಗೆ 69, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿ ನೋವು. ಪ್ರತಿ ಹೊಸ ವರ್ಷಕ್ಕೆ, ಯುಗಾದಿಗೆ ಶುರು ಮಾಡುತ್ತೇವೆ. ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗ್, ಅನ್ನದ ಬದಲು ಸಿರಿಧಾನ್ಯ, ಸಕ್ಕರೆ ಬಂದ್. ಮೂರನೇ ವಾರಕ್ಕೆ ಎಲ್ಲ ನಿಂತುಹೋಗುತ್ತದೆ. ಎಲ್ಲರ ಹಿಂದೆ ಬಿದ್ದು ಹೇಳಿ ಹೇಳಿ ನನಗೇ ಸಾಕಾಗಿದೆ. ಮನೆಮಂದಿಯೆಲ್ಲ ಬಿಡದೆ ನಡೆಸಿಕೊಂಡು ಹೋಗುವುದು ಹೇಗೆ?

ಉತ್ತರ:

ಪತ್ರದಲ್ಲಿ ನಾಲ್ಕು ಜನರ ಆರೋಗ್ಯವನ್ನು ವಿವರವಾಗಿ ಬರೆದಿದ್ದೀರಿ. ನಿಮ್ಮ ಬಗ್ಗೆ ಇರುವುದು ಒಂದೇ ಒಂದು ಮಾತು, ಅದೂ ಮಗನ ವಿಷಯ ಹೇಳುವಾಗ ಬಂದದ್ದು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಡೀ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಅದೇ.

ಬಸಿರಿನಲ್ಲಿ ಬಂದ ಶುಗರ್ ಹೆರಿಗೆಯ ನಂತರ ಹೋಯಿತು ಎಂದರೆ ಮುಗಿಯಿತು ಎಂದಲ್ಲ. ಅಂಥ ಹೆಂಗಸರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ಬಾಣಂತನದ ಮೊದಲ ಮೂರು ತಿಂಗಳೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನಪೂರ್ತಿ ಪರೀಕ್ಷೆ ಮಾಡಿಸುತ್ತಿರಬೇಕು. ನಿಮ್ಮ ಮಗನಿಗೆ ಈಗ ಎಂಟು ವರ್ಷ. ಈ ಎಂಟು ವರ್ಷದಲ್ಲಿ ಮಾಡಿಸಿದ್ದೀರಾ ಎಂದು ನೀವು ಬರೆದಿಲ್ಲ. ಮಾಡಿಸಿಲ್ಲವಾದರೆ ಈ ವಾರವೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೊಡುವ ಪರೀಕ್ಷೆ ನಿಮಗೆ ಸೂಕ್ತ. ಎರಡು ಗಂಟೆಯ ಸಂಖ್ಯೆ 140ರ ಕೆಳಗಿದ್ದರೆ ಸರಿ. 140ರಿಂದ 199ರೊಳಗಿದ್ದರೆ ನೀವೂ ನಿಮ್ಮ ಯಜಮಾನರಂತೆ ಮಧುಮೇಹದ ಅಂಚಿನಲ್ಲಿರುವವರ ಸಾಲಿಗೆ ಸೇರಿದಿರಿ. 200 ದಾಟಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.

ಈ ವಿಷಯ ಮಗನಿಗೂ ಸಂಬಂಧಿಸಿದ್ದು. ನಿಮ್ಮ ಊರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸಿರಿಯರ ಸಕ್ಕರೆ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ 'ಪಾರ್ಥೆನಾನ್' ಅಧ್ಯಯನ ಜಗತ್ತಿನ ವೈದ್ಯರಿಗೆಲ್ಲ ಗೊತ್ತು. ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಬಾಲ್ಯದಲ್ಲೇ ಮೈಕೊಬ್ಬು ಹೆಚ್ಚು, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಕೆಲಸ ಮಾಡುವ ಶಕ್ತಿ ಕಡಿಮೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಅಪಾಯ ಇರುವುದು ಯಜಮಾನರ ರಿಪೋರ್ಟಿನಲ್ಲಿ ಮಾತ್ರ ಎಂಬ ಭಾವನೆ ಮೊದಲು ಹೋಗಬೇಕು. ಯಜಮಾನರಿಗಾಗಿ ಪಥ್ಯ ಎಂದು ಶುರು ಮಾಡಿದರೆ, ಅವರಿಗೆ ಬೇಸರವಾದ ದಿನ ಎಲ್ಲರದ್ದೂ ನಿಲ್ಲುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಮೂರನೇ ವಾರಕ್ಕೆ ನಿಲ್ಲುವುದು ಮನಸ್ಸಿನ ಗಟ್ಟಿತನ ಸಾಲದ್ದರಿಂದ ಅಲ್ಲ. ಐದು ಜನರ ಬದಲಾವಣೆಯನ್ನು ಒಬ್ಬರ ನೆನಪು, ಒಬ್ಬರ ಕೈ, ಒಬ್ಬರ ಬಾಯಿ ಹೊತ್ತಿದೆ. ಐದಕ್ಕೆ ಏಳುವ ವಾಕಿಂಗ್‌ಗೆ ನಾಲ್ಕೂಮುಕ್ಕಾಲಕ್ಕೆ ಅಲಾರಂ ಇಟ್ಟವರು ನೀವು. ವಾಕಿಂಗ್ ಮುಗಿಸಿ ಬಂದು ತಿಂಡಿ, ನಾಲ್ಕು ಡಬ್ಬಿ, ಅತ್ತೆಯವರ ಕಾಫಿ, ಮಗನ ಯೂನಿಫಾರ್ಮ್ ನೋಡಿದವರೂ ನೀವೇ ಎಂದುಕೊಳ್ಳುತ್ತೇನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2022ರ ಅಂಕಿಅಂಶಗಳನ್ನು ಲೆಕ್ಕ ಹಾಕಿದಾಗ ಭಾರತದ ಹೆಂಗಸರಲ್ಲಿ 57 ಪ್ರತಿಶತ, ಗಂಡಸರಲ್ಲಿ 42 ಪ್ರತಿಶತ ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು ಕಂಡುಬಂತು. ದಿನವಿಡೀ ಕೆಲಸ ಮಾಡುವವರಿಗೇ ವ್ಯಾಯಾಮ ಕಡಿಮೆ. ಪಾತ್ರೆ, ಬಟ್ಟೆ, ಅಡುಗೆ ಸುಸ್ತು ಮಾಡುತ್ತವೆ, ಆದರೆ ಎದೆಬಡಿತ ಏರಿಸಿ ಹೃದಯಕ್ಕೆ ಬಲ ಕೊಡುವಷ್ಟು ವೇಗ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಆದ್ದರಿಂದ ಮೊದಲ ಹೆಜ್ಜೆ ಕೆಲಸ ಹಂಚಿಕೊಳ್ಳುವುದು. ಭಾನುವಾರ ಸಂಜೆ ಕಾಫಿಯ ಹೊತ್ತಿಗೆ ಐದೂ ಜನ ಹತ್ತು ನಿಮಿಷ ಕೂತು, ಬರುವ ವಾರ ಯಾರು ಏನು ನೋಡಿಕೊಳ್ಳುತ್ತಾರೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ವಾರದಲ್ಲಿ ಮೂರು ಬೆಳಿಗ್ಗೆ ತಿಂಡಿ ಮತ್ತು ಡಬ್ಬಿ ಯಜಮಾನರದ್ದು. ಅವರಿಗೆ ಉಪ್ಪಿಟ್ಟು, ಅವಲಕ್ಕಿ ಬಿಟ್ಟು ಬೇರೇನೂ ಬಾರದಿದ್ದರೆ ಆ ಮೂರು ದಿನ ಉಪ್ಪಿಟ್ಟು, ಅವಲಕ್ಕಿಯೇ ಇರಲಿ, ತರಕಾರಿ ಧಾರಾಳವಾಗಿ ಹಾಕಲಿ. ಆ ಮೂರು ಬೆಳಿಗ್ಗೆ ನಿಮ್ಮ ಅರ್ಧ ಗಂಟೆ ನಿಮ್ಮದು, ಕುಕ್ಕರಹಳ್ಳಿ ಕೆರೆ ದಂಡೆಗೋ ಹತ್ತಿರದ ಪಾರ್ಕಿಗೋ ಹೋಗಿ. ತರಕಾರಿ ತರುವುದು, ರಾತ್ರಿ ಊಟಕ್ಕೆ ಸೌತೆಕಾಯಿ, ಕ್ಯಾರೆಟ್ ಹೆಚ್ಚುವುದು, ನೀರಿನ ಬಾಟಲಿ ತುಂಬಿಸುವುದು ಇವೆಲ್ಲ ಮಕ್ಕಳು ಮಾಡಬಹುದಾದ ಕೆಲಸಗಳು. ಹೇಳಿಸಿಕೊಂಡು ಮಾಡಿದರೆ ಹಂಚಿಕೊಂಡಂತಾಗಲಿಲ್ಲ, ಹೇಳುವ ಹೊರೆ ನಿಮ್ಮ ಮೇಲೆಯೇ ಉಳಿಯುತ್ತದೆ. ಮರೆತರೆ ಆ ದಿನ ಕೋಸಂಬರಿ ಇಲ್ಲ, ಅಷ್ಟೇ. ಒಂದೆರಡು ವಾರ ಅಡುಗೆಮನೆ ಸ್ವಲ್ಪ ಅಸ್ತವ್ಯಸ್ತವಾಗುತ್ತದೆ, ನೀವು ಸುಮ್ಮನಿರಬೇಕಾಗುತ್ತದೆ. ಇದು ನಿಮಗೆ ವಾಕಿಂಗಿಗಿಂತ ಕಷ್ಟವಾಗಬಹುದು.

ಎರಡನೆಯದು, ಒಂದೇ ದಿನ ಎಲ್ಲವನ್ನೂ ಬದಲಾಯಿಸುವುದನ್ನು ಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 96 ಜನರ ಮೇಲೆ ನಡೆಸಿದ ಅಧ್ಯಯನವೊಂದಿದೆ. ಹೊಸ ನಡವಳಿಕೆಯೊಂದು ಯೋಚಿಸದೆ ತಾನಾಗಿ ಆಗುವಂತಾಗಲು ಅವರಲ್ಲಿ ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನದ ಲೆಕ್ಕ ಬಂತು. ಊಟದೊಂದಿಗೆ ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ಕೂಡಿಬಂತು, ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕಾಯಿತು. ಮೂರನೇ ವಾರಕ್ಕೆ ಬಿಟ್ಟಾಗ ನೀವು ಸೋತಿರಲಿಲ್ಲ, ಮೂರನೇ ಒಂದು ಭಾಗ ದಾರಿ ಬಂದಿದ್ದಿರಿ. ಅದೇ ಅಧ್ಯಯನದ ಇನ್ನೊಂದು ಮಾತನ್ನು ಮನೆಯವರಿಗೆಲ್ಲ ಓದಿ ಹೇಳಿ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ.

ಹಾಗಾಗಿ ಎರಡು ತಿಂಗಳಿಗೆ ಎರಡೇ ಬದಲಾವಣೆ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ, ಒಂದು ರಾತ್ರಿ ಊಟದ ಸಮಯ, ಇನ್ನೊಂದು ತಿಂಗಳ ದಿನಸಿ ಚೀಟಿ.

ರಾತ್ರಿ ಊಟವನ್ನು ಎಂಟು ಗಂಟೆಗೆ ತನ್ನಿ, ಟಿವಿ, ಮೊಬೈಲ್ ಇಲ್ಲದೆ ಎಲ್ಲರೂ ಒಟ್ಟಿಗೆ ಕೂರಿ. ತಟ್ಟೆ ಎತ್ತಿದ ಕೂಡಲೇ ಚಪ್ಪಲಿ ಮೆಟ್ಟಿ ಬೀದಿಗಿಳಿದು ಹದಿನೈದು ನಿಮಿಷ ನಡೆಯಿರಿ. ಊಟದ ನಂತರದ ಈ ಸಣ್ಣ ನಡಿಗೆಗೆ ನಾನು ಇಷ್ಟು ಬೆಲೆ ಕೊಡಲು ಕಾರಣವಿದೆ. ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್ನಿನ ಸಹಾಯವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಊಟದ ಸಕ್ಕರೆ ರಕ್ತಕ್ಕೆ ಏರುತ್ತಿರುವ ಹೊತ್ತಿಗೇ ನಡೆದರೆ ಆ ಏರಿಕೆ ತಗ್ಗುತ್ತದೆ. ಯಜಮಾನರು ಆಫೀಸಿನಲ್ಲಿ ಮಧ್ಯಾಹ್ನದ ಊಟವಾದ ಮೇಲೂ ಹದಿನೈದು ನಿಮಿಷ ನಡೆದರೆ ದಿನಕ್ಕೆ ಅರ್ಧ ಗಂಟೆ, ವಾರದ ಐದು ದಿನಕ್ಕೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣ ಅದೇ. ವೇಗ ಎಷ್ಟಿರಬೇಕೆಂದರೆ, ಜೊತೆಯವರೊಡನೆ ಮಾತಾಡಲು ಆಗಬೇಕು, ಹಾಡು ಹೇಳಲು ಉಸಿರು ಸಾಲಬಾರದು. ಬೆಳಿಗ್ಗೆ ಐದಕ್ಕೆ ಏಳುವುದು ಬೇಡ. ಹನ್ನೊಂದಕ್ಕೆ ಮಲಗುವ ಮನೆಯಲ್ಲಿ ಐದಕ್ಕೆ ಏಳುವುದೆಂದರೆ ನಿದ್ದೆಯನ್ನು ಕತ್ತರಿಸಿ ವ್ಯಾಯಾಮಕ್ಕೆ ಕೊಡುವುದು. ಅದು ಎಷ್ಟೋ ಮನೆಗಳಲ್ಲಿ ವಾಕಿಂಗ್ ನಿಲ್ಲುವುದಕ್ಕೆ ಮೊದಲ ಕಾರಣ.

ಇನ್ನು ದಿನಸಿ ಚೀಟಿ. ಕಳೆದ ಮೂರು ತಿಂಗಳ ಅಂಗಡಿ ಬಿಲ್ಲುಗಳನ್ನು ತೆಗೆದು ನೋಡಿ. ಯಾರು ಎಷ್ಟು ತಿಂದರು ಎಂದು ಪ್ರತಿ ಊಟದಲ್ಲೂ ಕಾವಲು ಕಾಯುವುದಕ್ಕಿಂತ, ಮನೆಗೆ ಏನು ಬಂತು ಎಂದು ತಿಂಗಳಿಗೊಮ್ಮೆ ನೋಡುವುದು ಎಷ್ಟೋ ಮೇಲು. ಯಾರ ಮೇಲೂ ಬೆರಳು ತೋರಿಸಿದಂತಾಗುವುದಿಲ್ಲ, ಲೆಕ್ಕವೂ ತಪ್ಪುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕಿಲೊ ಕ್ಯಾಲರಿ ಬೇಕಾಗುವ ವ್ಯಕ್ತಿಯ ತಟ್ಟೆ ಹೀಗಿದೆ: ಅಕ್ಕಿ, ಗೋಧಿ, ರಾಗಿ ಇತ್ಯಾದಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿ.ಲೀ., ಶೇಂಗಾ, ಎಳ್ಳು, ಬಾದಾಮಿಯಂಥವು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಇದನ್ನು ನಿಮ್ಮ ಮನೆಯ ಐದು ಜನಕ್ಕೆ, ಮೂವತ್ತು ದಿನಕ್ಕೆ ಗುಣಿಸಿ ನೋಡಿ. ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ತಿಂಗಳಿಗೆ ಸುಮಾರು ನಾಲ್ಕು ಕೆಜಿ. ಮನೆಯಲ್ಲಿ ಒಬ್ಬ ಸಣ್ಣ ಹುಡುಗ, ಒಬ್ಬರು ವಯಸ್ಸಾದವರು ಇದ್ದಾರೆ, ಹೊರಗೆ ತಿನ್ನುವ ಬೋಂಡ, ದೋಸೆಯ ಎಣ್ಣೆಯೂ ಲೆಕ್ಕಕ್ಕೆ ಬರಬೇಕು. ಆದ್ದರಿಂದ ಮೂರು ಲೀಟರ್ ಎಣ್ಣೆ, ಅರ್ಧ ಕೆಜಿ ತುಪ್ಪಕ್ಕೆ ನಿಲ್ಲಿಸಿ. ಉಪ್ಪು ತಲೆಗೆ ದಿನಕ್ಕೆ 5 ಗ್ರಾಮಿನೊಳಗಿರಬೇಕು. ಐದು ಜನಕ್ಕೆ ತಿಂಗಳಿಗೆ 750 ಗ್ರಾಂ ಆಯಿತು, ಅದರಲ್ಲೇ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್, ಬ್ರೆಡ್ಡಿನ ಉಪ್ಪೂ ಸೇರಿದೆ. ಒಂದು ಕೆಜಿ ಉಪ್ಪಿನ ಪ್ಯಾಕೆಟ್ ನಿಮ್ಮಲ್ಲಿ ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಅತ್ತೆಯವರ ಬಿಪಿ ಮಾತ್ರೆ ಒಂಟಿಯಾಗಿ ಹೋರಾಡುತ್ತಿದೆ ಎಂದು ತಿಳಿಯಿರಿ. ಸಕ್ಕರೆ, ಬೆಲ್ಲ ಸೇರಿ ಎರಡು ಕೆಜಿ ಸಾಕು. ಬೆಲ್ಲ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ.

ಆದರೆ ಈ ಲೆಕ್ಕದಲ್ಲಿ ಹೆಚ್ಚಿನವರು ಬೆಚ್ಚುವುದು ಎಣ್ಣೆ ಉಪ್ಪು ನೋಡಿ ಅಲ್ಲ. ಬೇಳೆಕಾಳು ತಿಂಗಳಿಗೆ ಸುಮಾರು ಹನ್ನೆರಡೂಮುಕ್ಕಾಲು ಕೆಜಿ ಬೇಕು. ಸೊಪ್ಪು ತರಕಾರಿ ದಿನಕ್ಕೆ ಎರಡು ಕೆಜಿ. ಐದು ಜನರ ಮನೆಗೆ ನಾಲ್ಕು ಕೆಜಿ ತೊಗರಿಬೇಳೆ, ಒಂದು ಕೆಜಿ ಹೆಸರುಕಾಳು ತಂದು, ದಿನಕ್ಕೆ ಮುಕ್ಕಾಲು ಕೆಜಿ ತರಕಾರಿಯಲ್ಲಿ ಸಾರು, ಪಲ್ಯ ಮುಗಿಸುವವರು ನಾವು. ಉಳಿದ ಹಸಿವನ್ನೆಲ್ಲ ಅನ್ನ ತುಂಬುತ್ತದೆ. ಅದಕ್ಕೇ 'ಅನ್ನ ಬಿಡಿ' ಎಂದರೆ ನಿಲ್ಲುವುದಿಲ್ಲ, ಅನ್ನ ತೆಗೆದ ಜಾಗಕ್ಕೆ ಏನೂ ಬಂದಿರುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತದೆ. ಬಿಡುವುದನ್ನು ಮೊದಲು ಯೋಚಿಸಬೇಡಿ, ಸೇರಿಸುವುದನ್ನು ಯೋಚಿಸಿ. ಬರುವ ತಿಂಗಳು ಕಾಳಿನ ತೂಕವನ್ನು ಒಂದೂವರೆ ಪಟ್ಟು ಮಾಡಿ: ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆ, ಅವರೆಕಾಳಿನ ಕಾಲದಲ್ಲಿ ಅವರೆ. ವಾರಕ್ಕೆರಡು ದಿನ ಬಸ್ಸಾರು, ಒಂದು ದಿನ ಮೊಳಕೆಕಾಳಿನ ಹುಳಿ. ಮೊಟ್ಟೆ, ಮೀನು ತಿನ್ನುವ ಮನೆಯಾದರೆ ಬೇಳೆಯ ಸ್ವಲ್ಪ ಭಾಗವನ್ನು ಅವು ತುಂಬುತ್ತವೆ. ತರಕಾರಿ ದಿನಕ್ಕೆ ಒಂದೂವರೆ ಕೆಜಿಗೆ ಬಂದರೂ ದೊಡ್ಡ ಬದಲಾವಣೆಯೇ. ದೇವರಾಜ ಮಾರುಕಟ್ಟೆಯೋ ನಿಮ್ಮ ಬಡಾವಣೆಯ ಸಂತೆಯೋ, ವಾರಕ್ಕೆ ಎರಡು ಸಲ ಯಜಮಾನರೂ ಮಗನೂ ಚೀಲ ಹಿಡಿದು ಹೋಗಲಿ.

ಸಿರಿಧಾನ್ಯದ ಬಗ್ಗೆ ಒಂದು ಮಾತು. ನವಣೆ, ಸಾಮೆ ಒಳ್ಳೆಯವೇ, ಮನೆಯವರಿಗೆ ರುಚಿಸಿದರೆ ವಾರಕ್ಕೆ ಎರಡು ಸಲ ಮಾಡಿ. ಆದರೆ ಅವನ್ನು ತಿನ್ನಲೇಬೇಕೆಂಬ ಹಟದಿಂದ ಇಡೀ ಪ್ರಯತ್ನ ಕೆಡುವುದನ್ನು ಕಂಡಿದ್ದೇನೆ. ನಮ್ಮ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಬೆಳೆಯುವ ಮಕ್ಕಳಿಗೂ ಅತ್ತೆಯವರಿಗೂ ಅದು ದೊಡ್ಡ ಆಸ್ತಿ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ರಾಗಿ ಗಂಜಿ ಸಕ್ಕರೆಯನ್ನು ಬೇಗನೇ ಏರಿಸುತ್ತದೆ. ಯಜಮಾನರಿಗೆ ಗಂಜಿಗಿಂತ ಸೊಪ್ಪು, ಈರುಳ್ಳಿ ಬೆರೆಸಿದ ರಾಗಿರೊಟ್ಟಿ, ಅಥವಾ ಸೊಪ್ಪಿನ ಸಾರಿನೊಂದಿಗೆ ಸಣ್ಣ ಮುದ್ದೆ ಮೇಲು.

ಬಡಿಸುವ ಕ್ರಮವನ್ನೂ ಸ್ವಲ್ಪ ಬದಲಿಸಿ. ಎಲೆ ಊಟದಲ್ಲಿ ಮೊದಲು ಬರುವುದು ಕೋಸಂಬರಿ, ಪಲ್ಯ. ಅನ್ನ ಆಮೇಲೆ. ತರಕಾರಿ, ಬೇಳೆ ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದಾಗ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಮದುವೆಮನೆಯ ಆ ಕ್ರಮವನ್ನು ದಿನದ ಊಟಕ್ಕೆ ತನ್ನಿ. ಬಟ್ಟಲಷ್ಟು ಕೋಸಂಬರಿ ಅಥವಾ ಪಲ್ಯ ಮುಗಿದ ಮೇಲೆಯೇ ಅನ್ನದ ಪಾತ್ರೆ ಮುಂದೆ ಬರಲಿ. ಇದು ಎಲ್ಲರಿಗೂ ಒಂದೇ ನಿಯಮ, ಯಜಮಾನರಿಗೆ ಬೇರೆ ಅಡುಗೆ ಎಂಬುದು ಬೇಡವೇ ಬೇಡ.

ಮಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಹದಿನಾಲ್ಕರ ಹುಡುಗಿಗೆ ಅವಳ ಮೈ ಬಗ್ಗೆ ಹೇಳುವುದನ್ನು ಇಂದಿನಿಂದಲೇ ನಿಲ್ಲಿಸಿ. ಅಮ್ಮ ಹೇಳಿದರೂ, ಅಜ್ಜಿ ಹೇಳಿದರೂ, ಮನೆಗೆ ಬಂದ ಅತ್ತೆ, ಚಿಕ್ಕಮ್ಮಂದಿರು ನಗುತ್ತಾ ಹೇಳಿದರೂ ಅದು ಅವಳಿಗೆ ಅವಮಾನವೇ. ಮೈ ಬಗ್ಗೆ ಮನೆಯವರಿಂದ ಟೀಕೆ ಕೇಳುತ್ತಾ ಬೆಳೆದ ಹುಡುಗಿಯರಲ್ಲಿ ಕದ್ದು ತಿನ್ನುವುದು, ಉಪವಾಸ ಬೀಳುವುದು, ಮತ್ತೆ ಮಿತಿಮೀರಿ ತಿನ್ನುವುದು ಹೆಚ್ಚು, ತೂಕ ಮಾತ್ರ ಇಳಿಯುವುದಿಲ್ಲ. ದೊಡ್ಡವಳಾಗುವ ವಯಸ್ಸಿನಲ್ಲಿ ಸೊಂಟ, ತೊಡೆ ತುಂಬಿಕೊಳ್ಳುವುದು ಪ್ರಕೃತಿ. ಎಲ್ಲವೂ ಕಾಯಿಲೆಯಲ್ಲ. ಕಾಯಿಲೆಯ ಸುಳಿವು ಬೇರೆ ಕಡೆ ನೋಡಿ. ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟಿ ಇದೆಯೇ? ಇದ್ದರೆ ಕೊಳೆ ಎಂದು ಉಜ್ಜಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಅದು ಕಾಣಿಸಿಕೊಳ್ಳುತ್ತದೆ. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದೆಯೇ? ಸದಾ ಸುಸ್ತು ಎನ್ನುತ್ತಾಳೆಯೇ? ಕೊನೆಯದನ್ನು ಸೋಮಾರಿತನ ಎಂದು ತಳ್ಳಿಹಾಕುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 59 ಪ್ರತಿಶತ ಮಂದಿಗೆ ರಕ್ತಹೀನತೆ ಇತ್ತು. 12ಕ್ಕಿಂತ ಕಡಿಮೆ ಹಿಮೋಗ್ಲೋಬಿನ್ ಇರುವ ಹುಡುಗಿಯನ್ನು ಓಡು ಎಂದರೆ ಎಲ್ಲಿ ಓಡುತ್ತಾಳೆ?

ಅವಳು ಆಟ ಬಿಟ್ಟದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ. ನಮ್ಮಲ್ಲಿ ಹುಡುಗಿ ದೊಡ್ಡವಳಾದ ವರ್ಷವೇ ಬೀದಿ ಆಟ ನಿಲ್ಲುತ್ತದೆ, ಎಂಟನೇ ಕ್ಲಾಸಿಗೆ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ, ಸಂಜೆ ಟ್ಯೂಷನ್ ಬರುತ್ತದೆ. ಜಗತ್ತಿನಲ್ಲೇ 11ರಿಂದ 17 ವರ್ಷದ ಹುಡುಗಿಯರಲ್ಲಿ ಸುಮಾರು 85 ಪ್ರತಿಶತ ಮಂದಿಗೆ ದಿನಕ್ಕೆ ಬೇಕಾದ ಒಂದು ಗಂಟೆಯ ಚಟುವಟಿಕೆ ಸಿಗುತ್ತಿಲ್ಲ. ಇದು ಅವಳ ತಪ್ಪಲ್ಲ, ದೊಡ್ಡವರು ಅವಳಿಂದ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಬೇಕು. ಶಟಲ್, ಈಜು, ಕರಾಟೆ, ಡಾನ್ಸ್, ಅವಳಿಗೆ ಇಷ್ಟವಾದ ಯಾವುದಾದರೂ ಒಂದು. ಟ್ಯೂಷನ್‌ಗೆ ಕೊಡುವಷ್ಟೇ ಮರ್ಯಾದೆ ಅದಕ್ಕೂ ಸಿಗಬೇಕು, ಹತ್ತನೇ ಕ್ಲಾಸು ಬಂತೆಂದು ನಿಲ್ಲಿಸಬಾರದು. ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು, ಆದ್ದರಿಂದ ರಾತ್ರಿ ಮೊಬೈಲುಗಳೆಲ್ಲ ಹಾಲ್‌ನಲ್ಲಿ ಚಾರ್ಜಿಗೆ ಇರಲಿ. ನಿಮ್ಮವೂ ಸೇರಿ.

ಮಗನ ತರಕಾರಿಯದ್ದು ಅಷ್ಟು ದೊಡ್ಡ ಸಮಸ್ಯೆಯಲ್ಲ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳುವ ನಿಯಮ ನನಗೆ ಬಹಳ ಉಪಯೋಗಕ್ಕೆ ಬಂದಿದೆ: ಏನು, ಯಾವಾಗ, ಎಲ್ಲಿ ತಿನ್ನುವುದು ಎಂಬುದು ದೊಡ್ಡವರ ತೀರ್ಮಾನ, ಎಷ್ಟು ತಿನ್ನುವುದು, ತಿನ್ನುವುದೋ ಬೇಡವೋ ಎಂಬುದು ಮಗುವಿನದ್ದು. ಪ್ರತಿ ಊಟಕ್ಕೂ ಒಂದು ಚಮಚ ಪಲ್ಯ ತಟ್ಟೆಯಲ್ಲಿ ಇರಲಿ, ಬಲವಂತ ಬೇಡ, ತಿಂದರೆ ಐಸ್‌ಕ್ರೀಮ್ ಎಂಬ ಆಸೆಯೂ ಬೇಡ. ಒಂದು ಹೊಸ ತರಕಾರಿಯನ್ನು ಮಗು ಒಪ್ಪಲು ಹತ್ತು ಹದಿನೈದು ಸಲ ಅದು ತಟ್ಟೆಗೆ ಬರಬೇಕಾಗಬಹುದು, ನಾವು ಮೂರನೇ ಸಲಕ್ಕೇ ಅವನು ತಿನ್ನುವುದಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಸಂಜೆ ಒಂದು ಗಂಟೆ ಬೀದಿಯಲ್ಲಿ ಗೆಳೆಯರೊಂದಿಗೆ ಓಡಲಿ, ಬಟ್ಟೆ ಕೊಳೆಯಾಗಲಿ.

ಅತ್ತೆಯವರನ್ನು ರೋಗಿಯಂತೆ ಪಕ್ಕಕ್ಕೆ ಕೂರಿಸಬೇಡಿ. ಮಂಡಿ ನೋವೆಂದು ಕೂತಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಸ್ನಾಯು ಕರಗಿದಷ್ಟೂ ಮಂಡಿಯ ಮೇಲೆ ಭಾರ ಹೆಚ್ಚುತ್ತದೆ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ, ದಿನಕ್ಕೆ ಎರಡು ಹೊತ್ತು ಮಾಡಲಿ. ಮೊದಮೊದಲು ಕೈ ಊರಿದರೂ ಸರಿ. ಅಡುಗೆಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಲಿ, ಈ ವಯಸ್ಸಿನಲ್ಲಿ ಬೀಳದಂತೆ ಕಾಯುವುದು ಬಿಪಿಯಷ್ಟೇ ಮುಖ್ಯ. ಉಪ್ಪು ಕಡಿಮೆ ಮಾಡುವ ಮಾತನ್ನು ಮಕ್ಕಳ ಮುಂದೆ ಅವರಿಗೆ ಹೇಳಬೇಡಿ, ಅವರ ಮಗನೇ ಒಬ್ಬರೇ ಇದ್ದಾಗ ಹೇಳಲಿ. ದಿನದ ಕೋಸಂಬರಿ ಅವರ ಕೈರುಚಿಯಲ್ಲಿ ಆಗಲಿ. ಬೆಳೆಯುವ ಮಕ್ಕಳಿಗೆ ಎಂದು ಅವರು ಬಡಿಸುವ ಒಂದು ಚಮಚ ತುಪ್ಪಕ್ಕೆ ಯಾರೂ ಅಡ್ಡಿ ಮಾಡಬೇಡಿ, ತಿಂಗಳ ಅರ್ಧ ಕೆಜಿಯಲ್ಲಿ ಅದಕ್ಕೆ ಜಾಗವಿದೆ.

ಎರಡು ತಿಂಗಳು ಊಟದ ಸಮಯ ಮತ್ತು ಚೀಟಿ ನಿಂತ ಮೇಲೆ ಮೂರನೆಯದಾಗಿ ಸ್ನಾಯುಬಲವನ್ನು ತನ್ನಿ. ನಮ್ಮವರ ಮೈಯಲ್ಲಿ ಸ್ವಭಾವತಃ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ಅದಕ್ಕೇ ಸೊಂಟದ ಅಳತೆ ನಮಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು. ಬರೀ ನಡಿಗೆ ಇದಕ್ಕೆ ಸಾಲದು. ವಾರಕ್ಕೆ ಎರಡು ದಿನ ಹದಿನೈದು ನಿಮಿಷ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ, ನೀರು ತುಂಬಿದ ಎರಡು ಲೀಟರಿನ ಬಾಟಲಿ ಎತ್ತುವುದು ಸಾಕು. ಮೈಸೂರು ಗರಡಿಮನೆಗಳ ಊರು, ಬಸ್ಕಿ ಹೊಡೆಯಲು ಯಾರಿಗೂ ಜಿಮ್ ಕಾರ್ಡ್ ಬೇಕಿಲ್ಲ. ತಿಂಗಳಿಗೊಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮೊದಲ ತಿಂಗಳೇ ಮುಗಿಸಬೇಕೆಂದಿಲ್ಲ, ದಾರಿಯಲ್ಲಿ ಸಿಗುವ ನಂದಿ ವಿಗ್ರಹದವರೆಗೆ ಹೋದರೂ ಆಯಿತು. ಮಂಡಿಗೆ ಕೆಟ್ಟದ್ದು ಇಳಿಯುವುದು, ಆದ್ದರಿಂದ ಮೇಲೆ ಮುಟ್ಟಿದ ದಿನ ಸಿಟಿ ಬಸ್ಸಿನಲ್ಲಿ ಇಳಿಯಿರಿ. ಅತ್ತೆಯವರು ಬಸ್ಸಿನಲ್ಲಿ ಬಂದು ದೇವಸ್ಥಾನದಲ್ಲಿ ಸೇರಿಕೊಳ್ಳಲಿ. ಹತ್ತುವಾಗ ಯಜಮಾನರಿಗೆ ಎದೆ ಬಿಗಿತ, ಎಡಗೈ ಸೆಳೆತ, ಮಿತಿಮೀರಿದ ಏದುಸಿರು ಬಂದರೆ ಅಲ್ಲೇ ನಿಂತು ನೇರ ಆಸ್ಪತ್ರೆಗೆ ಹೋಗಬೇಕು. ಬೆಟ್ಟದ ಕಾರ್ಯಕ್ರಮಕ್ಕೆ ಮುಂಚೆ ಬಿಪಿ, ಇಸಿಜಿ ಒಮ್ಮೆ ನೋಡಿಸಿಕೊಳ್ಳಲಿ.

ಈಗ ನಿಮ್ಮ ಮನೆಯಲ್ಲಿ ಎಲ್ಲ ನಿಲ್ಲುವ ದಿನಗಳ ಬಗ್ಗೆ. ದಸರಾ ಬರುತ್ತದೆ, ಹತ್ತು ದಿನ ನೆಂಟರು, ಬೊಂಬೆ ಮುಂದೆ ದಿನಕ್ಕೊಂದು ಸಿಹಿ. ಮಕ್ಕಳ ಪರೀಕ್ಷೆ ಬರುತ್ತದೆ. ಆಷಾಢದ ಜಡಿಮಳೆ ಬರುತ್ತದೆ. ಈ ದಿನಗಳಿಗೆ ಮೊದಲೇ ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಿ: ಮಳೆ ಬಂದರೆ ಮನೆಯೊಳಗೇ ಹತ್ತು ನಿಮಿಷ ಹಾಡು ಹಾಕಿ ಕುಣಿಯುವುದು ಅಥವಾ ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು, ನೆಂಟರು ಬಂದರೆ ಅವರನ್ನೂ ಊಟದ ನಂತರ ದೀಪಾಲಂಕಾರ ನೋಡಲು ನಡೆಸಿಕೊಂಡು ಹೋಗುವುದು, ಹಬ್ಬದ ಸಿಹಿಯನ್ನು ಹಬ್ಬದ ದಿನ ಮನಸಾರೆ ತಿಂದು ಉಳಿದದ್ದನ್ನು ಅಂದೇ ಹಂಚಿಬಿಡುವುದು. ಮೈಸೂರು ಪಾಕ್ ತಿಂದ ಮೇಲೆ ಪಶ್ಚಾತ್ತಾಪಪಟ್ಟು ಮರುದಿನ ಉಪವಾಸ ಮಾಡುವುದು ಬೇಡ. ಮುಂದಿನ ಊಟ ಎಂದಿನಂತೆ ಕೋಸಂಬರಿಯಿಂದ ಶುರುವಾದರೆ ಸಾಕು. ಮಕ್ಕಳು ಕಲಿಯುವುದು ನೀವು ತಪ್ಪಿದಾಗ ಹೇಗೆ ಮತ್ತೆ ಹಿಡಿದುಕೊಂಡಿರಿ ಎಂಬುದನ್ನು ನೋಡಿ.

ಯಜಮಾನರಿಗೆ ಇದನ್ನು ತೋರಿಸಿ. 5.7ರಿಂದ 6.4ರೊಳಗಿನ ಎಚ್‌ಬಿಎ1ಸಿ ಮಧುಮೇಹದ ಅಂಚು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 13.6 ಕೋಟಿ ಜನ ಈ ಅಂಚಿನಲ್ಲಿದ್ದಾರೆ. ಚೆನ್ನೈನಲ್ಲಿ ಇಂಥ 531 ಜನರ ಮೇಲೆ ಮೂರು ವರ್ಷ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಸರಿಪಡಿಸಿಕೊಂಡವರಲ್ಲಿ ಮಧುಮೇಹ ಬರುವ ಸಾಧ್ಯತೆ 28.5 ಪ್ರತಿಶತ ಇಳಿಯಿತು, ಮಾತ್ರೆ ತಿಂದವರಲ್ಲಿ ಆದಷ್ಟೇ ಹೆಚ್ಚುಕಡಿಮೆ. ಊಟ, ನಡಿಗೆ ಸರಿಪಡಿಸಿಕೊಂಡವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ತೂಕದ ಯಂತ್ರ ಅಲುಗಾಡಲಿಲ್ಲವೆಂದು ಒಂದು ತಿಂಗಳಿಗೇ ಕೈಬಿಡಬಾರದು. ದಿನಾ ತೂಕ ನೋಡುವುದು ಬೇಡ, ತಿಂಗಳಿಗೊಮ್ಮೆ ಹೊಕ್ಕಳಿನ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟ ಅಳೆಯಲಿ, ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ಮಾಡಿಸಲಿ. ಅದಕ್ಕೂ ಮುಂಚೆ ಮಾಡಿಸಿ ಪ್ರಯೋಜನವಿಲ್ಲ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಸಂಖ್ಯೆ ಏರಿ ವೈದ್ಯರು ಮಾತ್ರೆ ಬರೆದರೆ ಹಿಂಜರಿಯದೆ ತೆಗೆದುಕೊಳ್ಳಲಿ. ಅಪ್ಪ, ಅಮ್ಮನಿಂದ ಬಂದ ಮಧುಮೇಹದ ಒಲವು ಕೆಲವರಲ್ಲಿ ಅಷ್ಟು ಬಲವಾಗಿರುತ್ತದೆ. ಮಾತ್ರೆ ಶುರುವಾಯಿತೆಂದು ಎಂಟು ಗಂಟೆಯ ಊಟವನ್ನೂ ಆಮೇಲಿನ ನಡಿಗೆಯನ್ನೂ ಮಾತ್ರ ನಿಲ್ಲಿಸಬೇಡಿ, ಅವು ಜೊತೆಗಿದ್ದರೆ ಕಡಿಮೆ ಮಾತ್ರೆಯಲ್ಲೇ ಸಕ್ಕರೆ ಹಿಡಿತಕ್ಕೆ ಬರುವ ಸಾಧ್ಯತೆ ಹೆಚ್ಚು.